ಅಕ್ಕ ತಪ್ಪಿಸಿಕೊಳ್ಳದ ಹಾಗೆ ಹಾಡು ಜೋಡಿಸುವುದು

ಫ್ರಿಜ್ ತರಲು ಹೋದವಳು ಡಿಜೆ ಮೆಷಿನ್ ಹಿಡಿದುಕೊಂಡು ಮನೆಗೆ ಬಂದೆ. ಮಣಿಪಾಲದಲ್ಲಿ ಓದು ಮುಗಿಸಿದ ಮಕ್ಕಳು ಊರಿಗೆ ಹೊರಡುವ ಮೊದಲು ಮಂಚ, ಕುರ್ಚಿ, ಫ್ರಿಜ್ ಎಲ್ಲ ಮಾರಿ ಹೋಗುತ್ತಾರೆ. ಪರ್ಕಳದ ಬಾಡಿಗೆ ಕೋಣೆಯಲ್ಲಿದ್ದ ಧಾರವಾಡದ ಕಡೆಯ ಹುಡುಗಿಯೊಬ್ಬಳ ಫ್ರಿಜ್ಜನ್ನು ನನಗಿಂತ ಅರ್ಧ ಗಂಟೆ ಮೊದಲು ಬಂದವರು ಎತ್ತಿಕೊಂಡು ಹೋಗಿದ್ದರು. ಉಳಿದದ್ದು ಎರಡು ಚಕ್ರ, ಹತ್ತಾರು ಗುಂಡಿಗಳಿದ್ದ ಒಂದು ಮೆಷಿನ್. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರೊಳಗೆ ಸೇರಿಸಿ, ನಡುವೆ ಬಿಡುವೇ ಇಲ್ಲದಂತೆ ಮಾಡುತ್ತದಂತೆ. ಬಿಡುವೇ ಇಲ್ಲ ಎಂದು ಕೇಳಿದ್ದೇ ತಡ, ನಾನು ಫ್ರಿಜ್ಜನ್ನು ಮರೆತೆ.

ಕಾರಣ ನನ್ನ ಅಕ್ಕ. ಅವಳ ಮಗಳ ಮದುವೆ ನಿಶ್ಚಯವಾಗಿ, ಕಾಪುವಿನ ಅವರ ಮನೆಯಲ್ಲಿ ಮೆಹೆಂದಿಯ ತಯಾರಿ ನಡೆದಿತ್ತು. ಮದುಮಗಳು ನನ್ನಲ್ಲಿ ಕೇಳಿದ್ದು ಒಂದೇ ಒಂದು.

"ಚಿಕ್ಕಮ್ಮ, ಅಮ್ಮ ಸರಿಯಾಗಿ ಕುಣಿದದ್ದನ್ನು ನಾನು ಒಮ್ಮೆಯೂ ನೋಡ್ಲಿಲ್ಲ. ನೀವು ಎಂತಾದ್ರೂ ಮಾಡಿ."

ಅವಳಲ್ಲಿ ಆಸೆ ಹುಟ್ಟಿಸಿದವಳು ನಾನೇ. ಕಾರ್ಕಳದ ತವರಿನಲ್ಲಿ ಅಕ್ಕ ಬಾಗಿಲು ಹಾಕಿ, ಟೇಪ್ ರೆಕಾರ್ಡರಿನಲ್ಲಿ ಹಿಂದಿ ಡಿಸ್ಕೊ ಹಾಡು ಹಾಕಿ, ಲಂಗ ಎತ್ತಿ ಸಿಕ್ಕಿಸಿಕೊಂಡು ಕುಣಿಯುತ್ತಿದ್ದ ಕಥೆಯನ್ನು ನೂರು ಸಲ ಹೇಳಿದ್ದೆ. ಮದುವೆಯಾಗಿ ಕಾಪುವಿಗೆ ಹೋದ ಮೇಲೆ ಅವಳು ಸಮಾರಂಭಗಳಲ್ಲಿ ನಿಂತದ್ದೆಲ್ಲ ಬಡಿಸುವುದಕ್ಕೆ. ಯಾರಾದರೂ ಕೈ ಹಿಡಿದು ಎಳೆದರೆ ಒಂದು ಹಾಡಿನಷ್ಟು ಹೊತ್ತು ನಗುತ್ತ ನಿಲ್ಲುತ್ತಾಳೆ. ಆ ಹಾಡು ಮುಗಿದು ಮುಂದಿನದು ಶುರುವಾಗುವಷ್ಟರಲ್ಲಿ "ಗ್ಯಾಸ್ ನೋಡಿ ಬರ್ತೇನೆ" ಎಂದು ಮಾಯ. ಅವಳು ನುಣುಚಿಕೊಳ್ಳುವ ಆ ಸಂದಿಯನ್ನೇ ಮುಚ್ಚಬೇಕೆಂದು ನಾನು ಹೊರಟದ್ದು.

ಹುಡುಗಿ ಊರಿಗೆ ಹೋಗುವ ಮೊದಲು ಎರಡು ಭಾನುವಾರ ಪಾಠ ಮಾಡಿದಳು. ಒಂದು ಕಿವಿಗೆ ಹೆಡ್‌ಫೋನ್; ಅದರಲ್ಲಿ ಮುಂದಿನ ಹಾಡು. ಇನ್ನೊಂದು ಕಿವಿ ಈಗ ನಡೆಯುತ್ತಿರುವ ಹಾಡಿಗೆ. ಎರಡರ ತಾಳದ ಪೆಟ್ಟೂ ಒಟ್ಟಿಗೆ ಬೀಳುವ ತನಕ, ಬದಿಯಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡರಿನಿಂದ ವೇಗ ಹೊಂದಿಸಬೇಕು. ತಾನಾಗಿಯೇ ಹೊಂದಿಸಿಕೊಡುವ ಗುಂಡಿಯೂ ಇತ್ತು. ಆದರೆ ಹಳೆಯ ಹಾಡುಗಳಲ್ಲಿ ಡ್ರಮ್ ಬಾರಿಸಿದವರು ಮನುಷ್ಯರಾದ್ದರಿಂದ ವೇಗ ಅಲ್ಲಲ್ಲಿ ಏರಿಳಿಯುತ್ತದೆ, ಮೆಷಿನ್ನಿಗೆ ಲೆಕ್ಕ ತಪ್ಪುತ್ತದೆ. ನನ್ನ ಕಿವಿಯೇ ಗತಿ.

ಕಿವಿಯೇನೋ ಸರಿಯಾಗಿಯೇ ಇತ್ತು, ಹಾಳಾಗಿದ್ದದ್ದು ಕೈ. ಅಂಬಲಪಾಡಿಯ ನಮ್ಮ ಭಜನಾ ಮಂಡಳಿಯಲ್ಲಿ ಇಪ್ಪತ್ತು ವರ್ಷಗಳಿಂದ ತಾಳ ಹಾಕುವವಳು ನಾನು. ನಮ್ಮಲ್ಲಿ ಯಾವ ಭಜನೆಯೂ ಶುರುವಾದ ವೇಗದಲ್ಲಿ ಮುಗಿಯುವುದಿಲ್ಲ. ಏರಿ ಏರಿ ಕೊನೆಗೆ ಹಾಡುವವರಿಗೂ ಉಸಿರು ಸಿಗಬಾರದು, ಆಗಲೇ ತೃಪ್ತಿ. ಹಾಗಾಗಿ ಸ್ಲೈಡರಿಗೆ ಕೈ ಹೋದರೆ ಅದು ಮುಂದಕ್ಕೇ ಹೋಗುತ್ತಿತ್ತು.

"ಆಂಟಿ, ಕೈ ತಡೀರಿ. ಹಾಡು ಎಲ್ಲಿಗೂ ಓಡಿ ಹೋಗಂಗಿಲ್ರಿ," ಎನ್ನುತ್ತಿದ್ದಳು ಹುಡುಗಿ.

ಅವಳು ಹೋದ ಮೇಲೆ ತಡೆಯುವವರೂ ಇಲ್ಲವಾದರು. ಐದನೆಯ ಹಾಡಿಗೆ ಬರುವಷ್ಟರಲ್ಲಿ ಗಾಯಕಿಯ ಸ್ವರ ಕೀರಲಾಗುತ್ತಿತ್ತು. ಪೇಪರ್ ಓದುತ್ತಿದ್ದ ನನ್ನ ಗಂಡ ತಲೆ ಎತ್ತಿ, "ಹಾಡುವುದು ಹೆಂಗಸಾ ಇಲಿಯಾ?" ಎಂದು ಕೇಳಿದರು. ಎರಡು ಹಾಡುಗಳ ಪೆಟ್ಟು ತಪ್ಪಿದರಂತೂ, ಇಬ್ಬರು ಜಗಳವಾಡುತ್ತ ಒಂದೇ ಒರಳಿನಲ್ಲಿ ಕುಟ್ಟಿದ ಹಾಗೆ ಕೇಳುತ್ತಿತ್ತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಐವತ್ತು ದಾಟಿದ ಮೇಲೆ ಹೀಗೆ ದಡ್ಡಳಾಗುವ ಅವಮಾನವನ್ನು ಅನುಭವಿಸಿದವರೇ ಬಲ್ಲರು.

ಮೆಹೆಂದಿಯ ಸಂಜೆ ದುಡ್ಡು ಕೊಟ್ಟು ಕರೆಸಿದ ಡಿಜೆಗಿಂತ ಮೊದಲು ನನಗೆ ಒಂದು ಗಂಟೆ ಸಿಕ್ಕಿತು. ನನ್ನ ಉದ್ದೇಶ ಗೊತ್ತಿಲ್ಲದ ಅಕ್ಕ, "ಎಂತ ಮಾರಾಯ್ತಿ, ಈ ವಯಸ್ಸಿನಲ್ಲಿ ನಿನಗೆ ಇದೆಲ್ಲ ಬೇಕಾ?" ಎಂದವಳೇ ಊಟದ ಕೌಂಟರ್ ಕಡೆಗೆ ಹೋದಳು. ನಾಲ್ಕು ಹಾಡು ಚೆಂದಕ್ಕೆ ಜೋಡಿಸಿದೆ. ಚಪ್ಪರದಡಿಯಲ್ಲಿ ನಾದಿನಿಯರು, ನೆಂಟರು ಎಲ್ಲ ಕುಣಿದರು. ಅಕ್ಕ ಮಾತ್ರ ಈ ಕಡೆ ತಲೆ ಹಾಕಲಿಲ್ಲ. ಅವಳು ಬಾರದೆ ಗಂಟೆ ಮುಗಿಯುತ್ತದೆಂಬ ಗಾಬರಿಯಲ್ಲಿ ನನ್ನ ಕೈ ಮತ್ತೆ ಮುಂದಕ್ಕೆ ಹೋಯಿತು. ಐದನೆಯ ಹಾಡು ನಾಲ್ಕನೆಯದರ ಮೇಲೆ ಬಿದ್ದು ಎರಡೂ ಕಿತ್ತಾಡಿದವು. ಕುಣಿಯುತ್ತಿದ್ದವರು ಒಂದು ಕಾಲು ಎತ್ತಿಕೊಂಡು ನನ್ನ ಮುಖ ನೋಡಿದರು.

ಆಗ ಬಂದಳು ಅಕ್ಕ, ಕೈಯಲ್ಲಿ ಸೌಟು ಹಿಡಿದುಕೊಂಡು, ನೇರ ಮೇಜಿನ ಹಿಂದೆ ನನ್ನ ಪಕ್ಕಕ್ಕೆ.

"ಎಂತ ಮಾಡ್ತಾ ಇದ್ದಿ ನೀನು? ಒಂದು ಅತ್ತ, ಒಂದು ಇತ್ತ ಹೋಗ್ತಾ ಉಂಟಲ್ಲ! ಇಲ್ಲಿ ಕೇಳು!"

ಹೇಳಿದವಳೇ ಸೌಟಿನಿಂದ ಮೇಜಿನ ಅಂಚಿಗೆ ಬಾರಿಸತೊಡಗಿದಳು. ಒಂದು, ಎರಡು, ಮೂರು, ನಾಲ್ಕು. ಅಷ್ಟು ಗಟ್ಟಿ ಲಯ ನಾನು ಮಂಡಳಿಯಲ್ಲಿ ಕೂಡ ಕೇಳಿಲ್ಲ. ನಾನು ಹೆಡ್‌ಫೋನ್ ಬಿಸಾಡಿ, ಸ್ಲೈಡರನ್ನು ಹಿಂದಕ್ಕೆ ಎಳೆದು, ಹೊಸ ಹಾಡನ್ನು ಅವಳ ಸೌಟಿಗೆ ಹೊಂದಿಸಿದೆ. ಪೆಟ್ಟು ಕೂಡಿತು. ಹಳೆಯ ಹಾಡನ್ನು ಮೆಲ್ಲ ಇಳಿಸಿದೆ. ಜನ ಮತ್ತೆ ಕುಣಿಯತೊಡಗಿದರು. ಅಕ್ಕನ ಸೌಟು ಮಾತ್ರ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹಿಮ್ಮಡಿ ಎದ್ದಿತು, ಆಮೇಲೆ ಸೊಂಟ. ಮೇಜಿಗೆ ನೆಲ ಮುಟ್ಟುವ ಬಟ್ಟೆ ಹೊದೆಸಿದ್ದರಿಂದ ಎದುರಿನವರಿಗೆ ಕಾಣುತ್ತಿದ್ದದ್ದು ಅವಳ ಸಿಡುಕು ಮುಖ ಮತ್ತು ಸೌಟು ಅಷ್ಟೆ. ನನ್ನನ್ನು ಇನ್ನೂ ಬೈಯುತ್ತಿದ್ದಾಳೆ ಎಂದೇ ಎಲ್ಲರೂ ತಿಳಿದರು.

ನಾನು ಮದುಮಗಳಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಹಸಿ ಮೆಹೆಂದಿಯ ಎರಡೂ ಕೈಗಳನ್ನು ಮೇಲೆತ್ತಿಕೊಂಡು ಬಂದು ಮೇಜಿನ ಬದಿಯಿಂದ ಇಣುಕಿದಳು. ಕಾರ್ಕಳದ ಹೆಜ್ಜೆ, ಅಕ್ಕ ಒಂದೂ ಬಿಟ್ಟಿರಲಿಲ್ಲ. ಸೆರಗನ್ನು ಯಾವಾಗ ಸಿಕ್ಕಿಸಿಕೊಂಡಳೋ ನನಗೂ ಗೊತ್ತಾಗಿರಲಿಲ್ಲ. ಮಗಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಇಲ್ಲದೆ ಮುಖವನ್ನು ನನ್ನ ಭುಜಕ್ಕೇ ಉಜ್ಜಿದಳು.

"ಚಿಕ್ಕಮ್ಮ, ನಿಲ್ಲಿಸ್ಬೇಡಿ."

ನಿಲ್ಲಿಸಬಾರದು ಸರಿ, ಮುಂದಿನ ಹಾಡು ಎಲ್ಲಿಂದ ತರುವುದು? ಬೇರೆ ಯಾವುದನ್ನು ಮುಟ್ಟಿದರೂ ನನ್ನ ಕೈ ಕೆಡಿಸುವುದು ಖಂಡಿತ. ಹಾಡು ಮುಗಿಯುವುದಕ್ಕೆ ಅರ್ಧ ನಿಮಿಷ ಇತ್ತು. ಇನ್ನೊಂದು ಚಕ್ರಕ್ಕೂ ಅದೇ ಹಾಡನ್ನು ಹಾಕಿ, ಅದರ ಬಾಲಕ್ಕೆ ಅದರದೇ ತಲೆ ಜೋಡಿಸಿದೆ. ವೇಗ ಹೊಂದಿಸುವ ಕೆಲಸವೇ ಇಲ್ಲ. ಎಲ್ಲಿ ಸೇರಿತೆಂದು ನನಗೇ ತಿಳಿಯಲಿಲ್ಲ. ಇನ್ನೊಮ್ಮೆ ಹಾಗೆಯೇ ಮಾಡಿದೆ. ಮತ್ತೂ ಒಮ್ಮೆ.

"ಈ ಹಾಡು ಆಗ್ಲೇ ಬಂತಲ್ವಾ?" ಎಂದಳು ಅಕ್ಕ, ಏದುಸಿರು ಬಿಡುತ್ತ.

"ಇಲ್ಲ, ಅದು ಬೇರೆ," ಎಂದೆ.

ಅವಳು ನಂಬಲಿಲ್ಲ. ಕುಣಿಯುವುದನ್ನೂ ನಿಲ್ಲಿಸಲಿಲ್ಲ.