ತಲೆ ಸವೆದ ಸ್ಕ್ರೂ

ಆಸ್ಪತ್ರೆ, ಕಾಲೇಜು, ಕ್ಯಾಮೆರಾ ಅಂಗಡಿಗಳಲ್ಲಿ ಯಾರ‍್ಯಾರೋ ಕೆಡಿಸಿ ಕೈಬಿಟ್ಟ ಸ್ಕ್ರೂಗಳೆಲ್ಲ ಕೊನೆಗೆ ಬಂದು ಬೀಳುತ್ತಿದ್ದುದು ಅಕ್ಕನ ಮೇಜಿನ ಮೇಲೆ. ಕನ್ನಡಕದಂಗಡಿಯ ಹಿಂದಿನ ಒಂದೇ ಕಿಟಕಿಯ ಕೋಣೆ ಅದು. ಬೀದಿಯವರ ಬಾಯಲ್ಲಿ ಅವಳು ಸ್ಕ್ರೂ ಅಕ್ಕ. ಇಪ್ಪತ್ತೊಂಬತ್ತು ವರ್ಷ ಬಗ್ಗಿ ಬಗ್ಗಿ ಕತ್ತು ಸೆಟೆದುಕೊಂಡಿತ್ತು. ಈಚೆಗೆ ಮಧ್ಯಾಹ್ನ ದಾಟಿದರೆ ಬಲಗೈ ಸಣ್ಣಗೆ ನಡುಗುತ್ತಿತ್ತು. ಅದರ ಬಗ್ಗೆ ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಆ ದಿನ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ತಂಗಿ ಬಾಗಿಲಲ್ಲಿ ನಿಂತಿದ್ದಳು. ಇಬ್ಬರಿಗೂ ಮೂರು ವರ್ಷದಿಂದ ಮಾತಿರಲಿಲ್ಲ. ಅಮ್ಮ ಆಸ್ಪತ್ರೆ ಸೇರಿದಾಗ ಅಕ್ಕ ಕೈಲಿದ್ದ ಕೆಲಸ ಮುಗಿಸಿ ಹೊರಡೋಣವೆಂದು ಎರಡು ದಿನ ತಡಮಾಡಿದ್ದಳು. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು. "ನಿಂಗೆ ಮನುಷ್ಯರಿಗಿಂತ ಸ್ಕ್ರೂಗಳೇ ಹೆಚ್ಚು" ಎಂದು ತಂಗಿ ನೆಂಟರೆದುರೇ ಅಂದಿದ್ದಳು.

ಈಗ ಅವಳ ತೋಳಲ್ಲಿ ಟವೆಲ್ ಸುತ್ತಿದ ಮೈಕ್ರೋಸ್ಕೋಪ್.

"ನಮ್ಮ ಆಸ್ಪತ್ರೆ ಲ್ಯಾಬಿಂದು. ಫೋಕಸ್ ತಿರುಗಿಸೋ ಗುಂಡಿ ಬಿಗಿಯಾಗಿತ್ತು ಅಂತ ನಾನೇ ಬಿಚ್ಚೋಕೆ ಹೋದೆ. ಮೂರು ಸ್ಕ್ರೂ ಬಂತು, ನಾಲ್ಕನೇದು ಕೈ ಕೊಡ್ತು. ನಾಳೆ ಬೆಳಿಗ್ಗೆ ಡಾಕ್ಟ್ರು ಕೇಳ್ತಾರೆ."

ಅಕ್ಕ ಕಣ್ಣಿಗೆ ಭೂತಗನ್ನಡಿ ಏರಿಸಿದಳು. ಸಾಸಿವೆಗಿಂತ ಚಿಕ್ಕ ತಲೆ. ಸ್ಕ್ರೂಡ್ರೈವರ್ ಕೂರುವ ಗೀರು ಸವೆದು ನುಣ್ಣಗಾಗಿತ್ತು.

"ಯಾವುದ್ರಲ್ಲಿ ತಿರುಗಿಸ್ದೆ? ಫ್ಯಾನ್ ಬಿಚ್ಚೋದ್ರಲ್ಲಾ?"

"ಅದೊಂದೇ ಸಿಕ್ಕಿದ್ದು."

ಬಯ್ಯುವಷ್ಟು ತ್ರಾಣವೂ ಅಕ್ಕನಲ್ಲಿರಲಿಲ್ಲ. ಸೂಜಿಯಿಂದ ಕೊಳೆ ಕೆದಕಿ, ಒಂದು ಹನಿ ಎಣ್ಣೆ ಬಿಟ್ಟು ಕೂತಳು. ಎಣ್ಣೆ ಒಳಗಿಳಿಯಲಿ ಎಂದು ಅರ್ಧ ಗಂಟೆ ಬಿಟ್ಟಳು. ಆಮೇಲೆ ಬೆಸುಗೆ ಕಡ್ಡಿಯ ತುದಿ ತಾಗಿಸಿ ಕಾಯಿಸಿದಳು. ಜಪ್ಪಯ್ಯ ಅಂದರೂ ಸ್ಕ್ರೂ ಜಗ್ಗಲಿಲ್ಲ. ಕೊನೆಗೆ ತೆಳ್ಳನೆಯ ಅರ ತಗೊಂಡು ತಲೆಯ ಮೇಲೆ ಹೊಸ ಗೀರು ಕೊರೆಯತೊಡಗಿದಳು. ಮೂರನೇ ಎಳೆತಕ್ಕೆ ಕೈ ನಡುಗಿ ಅರ ಜಾರಿತು. ಪಕ್ಕದ ಲೋಹಕ್ಕೆ ಕೂದಲೆಳೆಯಷ್ಟು ಗಾಯ.

"ಅಕ್ಕಾ, ಕೈಗೇನಾಯ್ತು?"

"ಏನಿಲ್ಲ. ಸುಸ್ತು."

"ಎಷ್ಟು ದಿನದಿಂದ?"

ಅಕ್ಕ ಅರವನ್ನು ಮತ್ತೆ ಸ್ಕ್ರೂ ಮೇಲಿಟ್ಟಳು. ತಂಗಿ ಎದ್ದು ಬಂದು, ರಕ್ತ ತೆಗೆಯುವಾಗ ಕೊಸರುವ ಮಕ್ಕಳ ಕೈ ಹಿಡಿಯುವ ಹಾಗೆ, ಅವಳ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದಳು. "ಈಗ ಕೊರಿ."

ಗೀರು ಮೂಡಿತು. ಅಕ್ಕ ಸಣ್ಣ ಸ್ಕ್ರೂಡ್ರೈವರನ್ನು ನೆಟ್ಟಗೆ ಇಟ್ಟಳು. "ಮೇಲಿಂದ ನೀನು ಒತ್ತು, ತಿರುಗಿಸೋದು ನಾನು. ಮೊದ್ಲು ಬಿಗಿ ಮಾಡೋ ಕಡೆಗೇ ಒಂಚೂರು. ಆಗ ಹಿಡಿತ ಸಡಿಲ ಆಗುತ್ತೆ."

ಟಿಕ್ ಎಂದಿತು. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಸ್ಕ್ರೂ ಹೊರಗೆ ಬಂತು. ಇಬ್ಬರೂ ಹಿಗ್ಗಲಿಲ್ಲ.

"ಅವತ್ತು ನಾನು ಬರಬೇಕಿತ್ತು" ಎಂದಳು ಅಕ್ಕ.

"ಹೂಂ. ಬರಬೇಕಿತ್ತು."

ಅಕ್ಕ ಗುಂಡಿಯ ಒಳಗಿನ ಒಣಗಿದ ಗ್ರೀಸ್ ತೆಗೆದು ಹೊಸದು ಸವರಿ, ಬೇರೆ ಸ್ಕ್ರೂ ಹಾಕಿ ಕೂಡಿಸಿದಳು. "ಆ ಗಾಯ ಕಾಣ್ಸುತ್ತೆ. ಕೇಳಿದ್ರೆ ನಿಜ ಹೇಳ್ಬಿಡು."

ತಂಗಿ ಮೈಕ್ರೋಸ್ಕೋಪ್ ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತಳು. "ಗುರುವಾರ ನಮ್ಮಲ್ಲಿ ನರದ ಡಾಕ್ಟ್ರು ಬರ್ತಾರೆ. ಹತ್ತಕ್ಕೆ ಬಾ. ಕೆಲಸ ಇದೆ ಅಂದ್ರೆ ಇಲ್ಲಿಗೇ ಬಂದು ಎಳ್ಕೊಂಡು ಹೋಗ್ತೀನಿ."

ಗುರುವಾರ ಅಕ್ಕ ಹೋದಳು. ಎರಡು ಗಂಟೆ ಕಾಯಬೇಕಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ, ತಂಗಿಯ ಹೆಗಲಿಗೆ ತಲೆಯಾನಿಸಿ, ಬಾಯಿ ತೆರೆದು ಗಾಢವಾಗಿ ನಿದ್ದೆಹೋದಳು. ಸರದಿ ಬಂದಾಗ ತಂಗಿ ಎಬ್ಬಿಸಲಿಲ್ಲ. ಹಿಂದಿದ್ದವರನ್ನು ಒಳಗೆ ಕಳಿಸಿದಳು.