ಬ್ರೇಕಿಗೆ ಹಚ್ಚಿದ ಎಣ್ಣೆ

ನಮ್ಮಮ್ಮ ಕಾರಿನ ಬ್ರೇಕಿಗೆ ಪೂಜೆ ಮಾಡಿ ಅದನ್ನು ಕೆಡಿಸಿದ ಕತೆಯನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ಆಫೀಸಿನ ಊಟದ ಮೇಜಿನಲ್ಲಿ, ಮದುವೆಮನೆಗಳಲ್ಲಿ, ಹಳೆಯ ಕಾರುಗಳ ಹುಚ್ಚಿರುವ ನಾಲ್ಕು ಜನ ಕಡಲತೀರದ ರಸ್ತೆಯಲ್ಲಿ ಸೇರಿದಾಗ. ಜನ ನಗುತ್ತಾರೆ. ಹೇಳಿ ಹೇಳಿ ಅದಕ್ಕೊಂದು ಆಕಾರ ಬಂದಿದೆ. ಎಲ್ಲಿ ತಡೆದರೆ ನಗು ಹೆಚ್ಚುತ್ತದೆಂದು ನಾಲಿಗೆಗೇ ಗೊತ್ತು. ಆ ಕತೆ ಸುಳ್ಳು. ಅದನ್ನು ಬಿಚ್ಚಲು ಕೂತಿದ್ದೇನೆ. ಮತ್ತೆ ಜೋಡಿಸುವಾಗ ಒಂದೆರಡು ಸ್ಕ್ರೂ ಮಿಕ್ಕರೆ ಮಿಗಲಿ.

ಕಾರು ನಮ್ಮ ಮನೆಗೆ ಬಂದದ್ದು ತೊಂಬತ್ತೊಂಬತ್ತರಲ್ಲಿ. ಎರಡು ಬಾಗಿಲಿನ, ಉದ್ದ ಮೂಗಿನ, ನೆಲಕ್ಕೆ ಅಂಟಿಕೊಂಡಂತಿದ್ದ ಜಪಾನಿ ಸ್ಪೋರ್ಟ್ಸ್ ಕಾರು, ಎಪ್ಪತ್ತರ ದಶಕದ್ದು. ಯಾರೋ ವಿದೇಶಿ ಅಧಿಕಾರಿ ಊರು ಬಿಡುವಾಗ ಮಾರಿದ್ದಂತೆ. ಅಲ್ಲಿಂದ ಮದ್ರಾಸಿನ ವಡಪಳನಿಯ ಒಂದು ಸ್ಟುಡಿಯೋ ಸೇರಿ, ಮೊದಲು ಹೀರೋಗಳನ್ನು, ಆಮೇಲೆ ವಿಲನ್‌ಗಳನ್ನು, ಕೊನೆಗೆ ವಿಲನ್‌ನ ಆಳುಗಳನ್ನು ಹೊತ್ತು, ಶೆಡ್ಡಿನ ಹಿಂದೆ ನಾಲ್ಕು ಇಟ್ಟಿಗೆ ಗುಡ್ಡೆಗಳ ಮೇಲೆ ನಿಂತಿತ್ತು. ನಾನು ಅದನ್ನು ಲಾರಿಯಲ್ಲಿ ತಂದು ಮೈಲಾಪೂರಿನ ನಮ್ಮ ಬಾಡಿಗೆ ಮನೆಯ ಪಕ್ಕದ ಓಣಿಯಲ್ಲಿ, ತಗಡಿನ ಸೂರಿನ ಕೆಳಗೆ ಇಳಿಸಿದೆ.

"ಮದುವೆ ಮಾಡ್ಕೋಡಾ ಅಂದ್ರೆ ಇದನ್ನ ಕರಕೊಂಡು ಬಂದಿದಾನೆ," ಎಂದು ಅಮ್ಮ ಮಹಡಿಯ ಮೇಲಿನ ಮನೆಯ ಮಾಮಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಅದಕ್ಕೂ ವಯಸ್ಸಾಗಿದೆ, ಇವನಿಗೂ ವಯಸ್ಸಾಗಿದೆ. ಜಾತಕದ ಪೊರುತ್ತ ಚೆನ್ನಾಗಿದೆ, ಪೋ."

ಆಗ ನನಗೆ ಮೂವತ್ತನಾಲ್ಕು. ನಕ್ಷೆ ಬಿಡಿಸುವ ಕೆಲಸ, ಆರು ವರ್ಷದಲ್ಲಿ ಮೂರನೆಯ ಆಫೀಸು. ಕೂತ ಕುರ್ಚಿ ಬಿಸಿಯಾಗುವ ಮೊದಲೇ ಏಳುವ ಸ್ವಭಾವ. ಕಾರಿನ ಕೆಲಸ ತಾಳ್ಮೆ ಕಲಿಸುತ್ತದೆಂದು ಅದನ್ನು ಮಾಡುವವರು ಹೇಳುತ್ತಾರೆ. ನನಗೆ ಕಲಿಸಲಿಲ್ಲ. ಬಾಗಿಲು ಉಜ್ಜುತ್ತಿದ್ದವನು ಅರ್ಧಕ್ಕೆ ಬಿಟ್ಟು ಕಾರ್ಬುರೇಟರ್ ಬಿಚ್ಚುತ್ತಿದ್ದೆ, ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಸೀಟಿನ ಹೊಲಿಗೆ ಕೀಳುತ್ತಿದ್ದೆ. ಸಮುದ್ರದ ಗಾಳಿ ಒಂದೇ ಸಮನೆ ಕೆಲಸ ಮಾಡುತ್ತಿತ್ತು. ಈ ಭಾನುವಾರ ಹೊಳೆದದ್ದು ಮುಂದಿನ ಭಾನುವಾರ ಕಂದು.

ಬಣ್ಣ ಕೆರೆದರೆ ಕೆಂಪಿನ ಕೆಳಗೆ ಹಳದಿ, ಹಳದಿಯ ಕೆಳಗೆ ಬಿಳಿ, ಬಿಳಿಯ ಕೆಳಗೆ ಒಂದು ಪಾಚಿ ಹಸಿರು. ಚಿತ್ರಕ್ಕೊಂದು ಬಣ್ಣ. ಮೂಲ ಯಾವುದೆಂದು ಹುಡುಕಿ ಹುಡುಕಿ ಒಂದು ಕಡೆ ತಗಡೇ ತೂತಾಯಿತು.

ಕೆಲಸ ನಿಜಕ್ಕೂ ನಡೆದದ್ದು ಮೆಕ್ಯಾನಿಕ್ ಮೇಸ್ತ್ರಿಯವರಿಂದ. ಆ ಕಾರನ್ನು ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷ ಓಡುವ ಸ್ಥಿತಿಯಲ್ಲಿ ಇಟ್ಟಿದ್ದವರೇ ಅವರು. ಮಂಡ್ಯದ ಕಡೆಯವರು, ಕನ್ನಡ ಚಿತ್ರಗಳೂ ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಬಂದವರು. "ಪಿಚ್ಚರ್‌ನೋರೆಲ್ಲ ಬೆಂಗಳೂರಿಗೆ ಹೊಂಟೋದ್ರು. ನಾನು ಯಾವ್ದೋ ಕಾರಿನ ಕೆಳಗೆ ಮಲಗಿದ್ದೆ, ಯಾರೂ ಏಳಿಸ್ಲಿಲ್ಲ," ಎನ್ನುತ್ತಿದ್ದರು. ಅರವತ್ತು ದಾಟಿದ್ದರೂ ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು, ಅಮ್ಮ ಕೊಟ್ಟ ಕಾಫಿ ಕುಡಿದು, ನಾನು ವಾರವೆಲ್ಲ ಕೆದಕಿಟ್ಟದ್ದನ್ನು ನೋಡಿ, "ಸಾಮಿ, ನೀವು ಆಫೀಸ್‌ಗೆ ಹೋಗಿದ್ರೆ ಕಾರು ಬೇಗ ಆಗ್ತದೆ," ಎನ್ನುವರು.

ಮೂರು ವರ್ಷದ ಮೇಲೆ ಎಂಜಿನ್ ಓಡಿತು. ಕಾಗದಪತ್ರದ ಪ್ರಕಾರ ಕಾರು ಸತ್ತಿತ್ತು. ರಿಜಿಸ್ಟ್ರೇಶನ್ ನವೀಕರಿಸಲು ಇನ್ಸ್‌ಪೆಕ್ಟರ್ ಮುಂದೆ ಓಡಿಸಿ ತೋರಿಸಬೇಕು. ವಿಜಯದಶಮಿಯ ಮಾರನೆಯ ದಿನಕ್ಕೆ ಸಮಯ ಸಿಕ್ಕಿತು. ಉಳಿದದ್ದು ಬ್ರೇಕ್ ಮಾತ್ರ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಸಿಲಿಂಡರಿನ ಒಳಗೆ ಪುಟ್ಟ ಬಟ್ಟಲಿನಂಥ ರಬ್ಬರುಗಳಿರುತ್ತವೆ. ಅವು ಪುದುಪೇಟೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಗಲಿಲ್ಲ. ಸಿಂಗಪುರದಿಂದ ಬಂದ ಪರಿಚಯದವರೊಬ್ಬರು ಒಂದೇ ಒಂದು ಜೊತೆ ತಂದುಕೊಟ್ಟರು.

"ಇದಕ್ಕೆ ಬ್ರೇಕ್ ಆಯಿಲ್ ಬಿಟ್ರೆ ಬೇರೆ ಯಾವ ಎಣ್ಣೆನೂ ತೋರಿಸ್ಬ್ಯಾಡಿ ಸಾಮಿ," ಎಂದರು ಮೇಸ್ತ್ರಿ. "ಊದ್ಕತ್ತದೆ."

ಇನ್ನು ಅಮ್ಮನ ವಿಷಯ. ನಮ್ಮದು ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿರುವ ವೈಷ್ಣವ ಮನೆ. ಆಯುಧಪೂಜೆಯ ದಿನ ಅಪ್ಪ ತಮ್ಮ ಟೈಪ್‌ರೈಟರು, ಅಮ್ಮನ ಹೊಲಿಗೆ ಯಂತ್ರ, ಕತ್ತರಿ, ಈಳಿಗೆಮಣೆ ಎಲ್ಲವನ್ನೂ ಒರೆಸಿ, ಎಣ್ಣೆ ಕಾಣಿಸಿ, ದೇವರ ಮುಂದೆ ಇಡುತ್ತಿದ್ದರು. ಅಮ್ಮ ಕುಂಕುಮ ಇಡುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮೊದಲ ವರ್ಷ ಹಬ್ಬವಿಲ್ಲ. ಮರುವರ್ಷ ಮೇಲಿನ ಮಾಮಿ ಬಂದು ಕುಂಕುಮ ಇಟ್ಟು ಹೋದರು, ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡ ಹೋದವಳ ಕೈ ಶುಭಕ್ಕೆ ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಎಂಜಿನ್ ಓಡಿದ ಆ ವರ್ಷ ನಾನು ಹಟ ಹಿಡಿದೆ. "ನೀನೇ ಮಾಡು. ಕಾರಿಗೂ ನೀನೇ ಇಡು. ಅದೆಲ್ಲ ಯಾವ ಕಾಲದ್ದು?"

"ಬೇಡಪ್ಪಾ. ನಾಳೆ ಏನಾದ್ರೂ ಆಯ್ತು ಅಂದ್ರೆ?"

"ಏನೂ ಆಗಲ್ಲ."

ಆ ಮಾತು ಹೇಳುವಾಗ ನನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆ ಇತ್ತೆಂಬುದು ಮಾತ್ರ ಚೆನ್ನಾಗಿ ನೆನಪಿದೆ. ಅಮ್ಮನ ಮುಖ ಹೇಗಿತ್ತೋ ನೆನಪಿಲ್ಲ.

ಪೂಜೆಯ ದಿನ ಬೆಳಿಗ್ಗೆ ಮೇಸ್ತ್ರಿ ಸಿಲಿಂಡರ್ ಬಿಚ್ಚಿ ತೊಳೆದು, ಹೊಸ ರಬ್ಬರುಗಳನ್ನು ಪತ್ರಿಕೆಯ ಮೇಲೆ ಜೋಡಿಸಿದ್ದರು. ಹನ್ನೊಂದಕ್ಕೆ ಅಮ್ಮ ಬಂದು, "ಸಾಕು, ಕೆಳಗಿಡಿ. ಹನ್ನೆರಡಕ್ಕೆ ಪೂಜೆ," ಎಂದಳು. ಇನ್ನೊಂದು ಗಂಟೆ ಎಂದು ನಾನು ಗೋಗರೆದೆ. ಮೇಸ್ತ್ರಿ ಆಗಲೇ ಕೈ ಒರೆಸಿಕೊಳ್ಳುತ್ತಿದ್ದರು. "ಇವತ್ತು ಪೂಜೆ ಆದ್ಮೇಲೆ ಸ್ಪ್ಯಾನರ್ ಮುಟ್ಟಿದ್ರೆ ವರ್ಷಪೂರ್ತಿ ಕೈ ಕಚ್ತದೆ. ನಾಳೆ ಬೆಳಿಗ್ಗೆ ಬತ್ತೀನಿ." ಅವರ ಶೆಡ್ಡಿನಲ್ಲೂ ಪೂಜೆಯಿತ್ತು, ಹೊರಟುಹೋದರು.

ಅಮ್ಮ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಹನಿಸಿ ಸವರಿ, ಬಾಳೆಲೆಯ ಮೇಲಿಟ್ಟಳು. ಸಿಲಿಂಡರ್, ರಬ್ಬರುಗಳ ಪತ್ರಿಕೆ ಎಲ್ಲವೂ ದೇವರ ಮುಂದೆ ಹೋದವು. ಕುಂಕುಮ ಇಟ್ಟಳು. ಕೈ ನಡುಗುತ್ತಿತ್ತು ಎಂದು ಕತೆಯಲ್ಲಿ ಹೇಳುತ್ತೇನೆ. ನಡುಗುತ್ತಿತ್ತೋ ಇಲ್ಲವೋ ನೋಡಿಲ್ಲ, ನಾನು ಗಡಿಯಾರ ನೋಡುತ್ತಿದ್ದೆ.

ಕತೆಯಲ್ಲಿ ಇಲ್ಲದ್ದು ಮುಂದಿನದು. ಮಧ್ಯಾಹ್ನ ಪಾಯಸದ ಊಟವಾಗಿ ಅಮ್ಮ ಮಲಗಿದಳು. ನನಗೆ ಕೂರಲಾಗಲಿಲ್ಲ. ಓಣಿಗೆ ಹೋದೆ, ಬಂದೆ, ಬೀದಿ ತುದಿಗೆ ಹೋದೆ, ಬಂದೆ. ಕೊನೆಗೆ ದೇವರ ಮುಂದೆ ಕೂತು ಸಿಲಿಂಡರ್ ಎತ್ತಿಕೊಂಡೆ. ಹೊಸ ರಬ್ಬರು ಒಳಗೆ ಜಾರುತ್ತದೋ ಇಲ್ಲವೋ, ನೋಡಿಬಿಡಬೇಕು, ಅಷ್ಟೆ. ಒಣಗಿದ್ದರಿಂದ ಸಿಕ್ಕಿಕೊಂಡಿತು. ಬ್ರೇಕ್ ಆಯಿಲಿನ ಡಬ್ಬ ಕಾರಿನ ಹತ್ತಿರ ಓಣಿಯಲ್ಲಿತ್ತು, ಹೊಲಿಗೆ ಯಂತ್ರದ ಎಣ್ಣೆಯ ಕುಪ್ಪಿ ಕೈಗೆಟಕುವಲ್ಲಿತ್ತು. ರಬ್ಬರುಗಳಿಗೆ ಸವರಿದೆ, ಸಿಲಿಂಡರಿನೊಳಕ್ಕೂ ಎರಡು ಹನಿ ಬಿಟ್ಟೆ. ಸೊಗಸಾಗಿ ಜಾರಿತು. ತೆಗೆದು ಇದ್ದ ಜಾಗದಲ್ಲೇ ಇಟ್ಟೆ. ಮೇಸ್ತ್ರಿಯ ಮಾತು ಆಗ ತಲೆಗೆ ಬಂದಿತ್ತೇ? ಬಂದಿತ್ತು ಎಂದರೆ ನಾನು ಕೆಟ್ಟವನು, ಬರಲಿಲ್ಲ ಎಂದರೆ ದಡ್ಡ. ಎರಡರಲ್ಲಿ ಆರಿಸಿಕೊಳ್ಳಲು ನನ್ನನ್ನು ನಾನು ನಂಬುವುದಿಲ್ಲ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದು ಜೋಡಿಸಿದರು. ರಬ್ಬರು ಹೊಳೆಯುತ್ತಿದ್ದದ್ದನ್ನು ಕಂಡು, "ಬ್ರೇಕ್ ಆಯಿಲ್ ಸವರಿದ್ರಾ? ಸರಿ," ಎಂದರು. ಹೂಂ ಎಂದೆ. ಕಾರು ಓಣಿಯಲ್ಲಿ ಹಿಂದೆ ಮುಂದೆ ಹೋಯಿತು, ನಿಂತಿತು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ನಿಮ್ಮಪ್ಪ ಇರಬೇಕಿತ್ತು," ಎಂದಳು. ಅವತ್ತೆಲ್ಲ ಅವಳ ನಡಿಗೆಯೇ ಬೇರೆಯಾಗಿತ್ತು. ಇದು ನಾನು ಕಟ್ಟಿದ್ದಲ್ಲ.

ಅದರ ಮಾರನೆಯ ದಿನ ಪರೀಕ್ಷೆಯ ಮೈದಾನದಲ್ಲಿ ಇನ್ಸ್‌ಪೆಕ್ಟರ್ ಪಕ್ಕದ ಸೀಟಿನಲ್ಲಿ ಕಾಲು ಮಡಿಸಿಕೊಂಡು ಕೂತರು. ಮೇಸ್ತ್ರಿ ಹೊರಗೆ ನಿಂತಿದ್ದರು. ಬರುವ ದಾರಿಯಲ್ಲೇ ಕಾರು ಯಾರೋ ಹಿಂದಕ್ಕೆ ಎಳೆದಂತೆ ಓಡುತ್ತಿತ್ತು, ಚಕ್ರಗಳಿಂದ ಸುಟ್ಟ ವಾಸನೆ. ಇನ್ಸ್‌ಪೆಕ್ಟರ್ ನಿಲ್ಲಿಸಿ ಎಂದರು. ನಿಲ್ಲಿಸಿದೆ. ಹೋಗಿ ಎಂದರು. ಹೋಗಲಿಲ್ಲ. ಎಂಜಿನ್ ಒದರಿತೇ ವಿನಾ ಚಕ್ರ ಅಲುಗಲಿಲ್ಲ. ಇನ್ಸ್‌ಪೆಕ್ಟರ್ ಇಳಿದು, ಬೆನ್ನು ನೆಟ್ಟಗೆ ಮಾಡಿಕೊಂಡು, "ಬ್ರೇಕ್ ನಲ್ಲಾ ಪಿಡಿಕ್ಕುದು ಸಾರ್. ಪಿಡಿಚ್ಚಾ ವಿಡ ಮಾಟೇಂಗುದು," ಎಂದರು. ಹಿಡಿಯುವುದು ಚೆನ್ನಾಗಿ ಹಿಡಿಯುತ್ತದೆ, ಬಿಡಲೊಲ್ಲದು. ಸುತ್ತ ನಿಂತಿದ್ದ ಆಟೋದವರೆಲ್ಲ ನಕ್ಕರು. ಹದಿನೈದು ದಿನ ಬಿಟ್ಟು ಬನ್ನಿ ಎಂದು ಬರೆದುಕೊಟ್ಟರು. ಮೇಸ್ತ್ರಿ ಚಕ್ರದ ಹತ್ತಿರ ಒಂದು ಸ್ಕ್ರೂ ಸಡಿಲಿಸಿ ಒತ್ತಡ ಇಳಿಸಿ, ಕೈಬ್ರೇಕಿನ ಮೇಲೆ ಮನೆ ಮುಟ್ಟಿಸಿದರು.

ಓಣಿಯಲ್ಲಿ ಸಿಲಿಂಡರ್ ಬಿಚ್ಚಿದರು. ರಬ್ಬರುಗಳು ನೆನೆಸಿದ ಕಡಲೆಯಂತೆ ಊದಿ, ಹಿಂದಕ್ಕೆ ಸರಿಯದೆ ಸಿಕ್ಕಿಕೊಂಡಿದ್ದವು. ಮೂಸಿದರು. "ಮೆಷಿನ್ ಎಣ್ಣೆ," ಎಂದರು.

ಅಮ್ಮ ಹಿಂದೆಯೇ ನಿಂತಿದ್ದಳು. "ನಾನೇ ಹಚ್ಚಿದ್ದು," ಎಂದಳು. "ಸ್ಪ್ಯಾನರ್‌ಗೆ ಹಚ್ಚಿದ ಬಟ್ಟೆ, ಅದಕ್ಕೂ ತಾಗಿರಬೇಕು. ನಾನೇ."

ಬಟ್ಟೆ ತಾಗಿದರೆ ಅಷ್ಟು ಊದುವುದಿಲ್ಲವೆಂದು ಮೇಸ್ತ್ರಿಗೆ ಗೊತ್ತು. ಅವರು ನನ್ನನ್ನು ನೋಡಿದರು. "ಅಮ್ಮಾವ್ರು ಮುಟ್ಟಿದ್ರೆ ಕುಂಕುಮ ಇರ್ತಿತ್ತಲ್ಲ," ಎಂದರೆಂದು ಬರೆಯಬೇಕೆನಿಸುತ್ತದೆ, ಅಷ್ಟು ಚೆನ್ನಾಗಿ ಕೂಡುತ್ತದೆ ಆ ಮಾತು. ಅವರು ಹಾಗೆ ಅನ್ನಲಿಲ್ಲ ಅನಿಸುತ್ತದೆ. ನೋಡಿದ್ದು ಮಾತ್ರ ಹೌದು. ನಾನು ಬಗ್ಗಿ ಸ್ಪ್ಯಾನರುಗಳನ್ನು ಎತ್ತಿಡತೊಡಗಿದೆ. ಮಹಡಿಯಿಂದ ಮಾಮಿ, "ನಾನ್ ಅಪ್ಪವೇ ನೆನಚ್ಚೇನ್," ಎಂದರು. ಹೀಗಾಗುತ್ತದೆಂದು ಆಗಲೇ ಅಂದುಕೊಂಡಿದ್ದರಂತೆ.

ಹೊಸ ರಬ್ಬರು ತರಿಸಲು ಸಮಯವಿರಲಿಲ್ಲ. ಮೇಸ್ತ್ರಿ ಸಿಲಿಂಡರನ್ನು ಲೇತ್ ಅಂಗಡಿಗೆ ಕೊಟ್ಟು, ಒಳಗೆ ಹಿತ್ತಾಳೆಯ ಕೊಳವೆ ಕೂರಿಸಿ, ಇಲ್ಲಿನ ಕಾರುಗಳ ರಬ್ಬರು ಹಿಡಿಯುವಷ್ಟು ಕಿರಿದು ಮಾಡಿಸಿದರು. ದೀಪಾವಳಿಗೆ ಎರಡು ದಿನ ಮೊದಲು ಕಾರು ಪಾಸಾಯಿತು. ಅಮ್ಮ ದೇವರಿಗೆ ದೂರದಿಂದಲೇ ಕೈ ಮುಗಿದಳು.

ನರಕ ಚತುರ್ದಶಿಯ ಬೆಳಿಗ್ಗೆ ನಾನು ಮಣೆಯ ಮೇಲೆ ಕೂತೆ. ಹುಟ್ಟಿದಾಗಿನಿಂದ ಆ ದಿನ ನನ್ನ ತಲೆಗೆ ಎಣ್ಣೆ ಇಟ್ಟವಳು ಅಮ್ಮ. ಅವಳು ಬಟ್ಟಲು ತಂದು ಪಕ್ಕದಲ್ಲಿಟ್ಟಳು.

"ಮಾಮಿ ಎದ್ದಿದಾರೆ. ಮೇಲೆ ಹೋಗಿ ಹಚ್ಚಿಸ್ಕೊಂಡು ಬಾ."

"ನೀನು ಹಚ್ಚು."

"ಬೇಡ. ಒಂದ್ಸಲ ನೋಡಿದ್ದು ಸಾಕು."

ಆಗ ಹೇಳಬೇಕಿತ್ತು. ನಾನೇ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದೆ.

ಹೇಳಿದ್ದು ಎರಡು ವಾರದ ಮೇಲೆ. ಅಪ್ಪನ ಶ್ರಾದ್ಧಕ್ಕೆ ತರಕಾರಿ ಬೇಕಿತ್ತು. ಅಷ್ಟು ಬಾಳೆಕಾಯಿ, ಸುವರ್ಣಗೆಡ್ಡೆ ಹೊತ್ತು ಬಸ್ ಹತ್ತಲಾಗದೆಂದು ಅಮ್ಮ ಮೊದಲ ಸಲ ಕಾರಿನಲ್ಲಿ ಕೂರಲು ಒಪ್ಪಿದಳು. ಸೀಟು ಎಷ್ಟು ತಗ್ಗೆಂದರೆ ಅವಳ ಮೊಣಕಾಲು ಗದ್ದಕ್ಕೆ ಬಂದಿತ್ತು. ಕೋಯಂಬೇಡಿನ ಮಾರುಕಟ್ಟೆಯ ದಾರಿಯಲ್ಲಿ ವಡಪಳನಿಯ ಸಿಗ್ನಲ್ಲಿನಲ್ಲಿ ನಿಂತಾಗ, ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ, ಆ ಎಣ್ಣೆ ಹಚ್ಚಿದ್ದು ನಾನು ಎಂದೆ. ಸಿಗ್ನಲ್ ಅದಲ್ಲ, ಅದಕ್ಕಿಂತ ಮುಂಚಿನದು ಎಂದು ಅಮ್ಮ ಈಗಲೂ ವಾದಿಸುತ್ತಾಳೆ.

"ಯಾವತ್ತು?"

"ಪೂಜೆ ಮಧ್ಯಾಹ್ನ. ನೀನು ಮಲಗಿದ್ದಾಗ."

"ಎಷ್ಟು ದಿನ ಆಯ್ತು ಇವತ್ತಿಗೆ?"

ನಾನು ಲೆಕ್ಕ ಹಾಕುತ್ತಿದ್ದೆ.

"ಇಳಿಸು."

"ಅಮ್ಮಾ, ಸಿಗ್ನಲ್..."

"ನಾನ್ ಇಳೀಬೇಕು. ಬಾಗಿಲು ತೆಗಿ. ಹೆಂಗ್ ತೆಗೆಯೋದು ಇದನ್ನ?"

ಬಾಗಿಲಿನ ಹಿಡಿಕೆಯನ್ನು ನಾನು ಇನ್ನೂ ಸರಿಮಾಡಿರಲಿಲ್ಲ, ಹೊರಗಿನಿಂದಲೇ ತೆಗೆಯಬೇಕು. ಇಳಿದು, ಸುತ್ತಿ ಬಂದು, ಹಾರ್ನುಗಳ ನಡುವೆ ಅವಳನ್ನು ಎಳೆದು ನಿಲ್ಲಿಸಿದೆ. ಅವಳು ನನ್ನ ಕೈ ಬಿಡಿಸಿಕೊಂಡು, ಖಾಲಿ ಚೀಲಗಳನ್ನು ಎತ್ತಿಕೊಂಡು, ನಿಂತಿದ್ದ ಆಟೋ ಒಂದಕ್ಕೆ ಹತ್ತಿದಳು. ಆಟೋ ಮನೆಯ ಕಡೆ ತಿರುಗಲಿಲ್ಲ, ಕೋಯಂಬೇಡಿನ ಕಡೆಗೇ ಹೋಯಿತು. ನಾನು ಹಿಂದೆ ಹೋದೆ. ಆಟೋ ನಿಂತರೆ ನಿಂತೆ, ನುಗ್ಗಿದರೆ ನುಗ್ಗಿದೆ.

ಮಾರುಕಟ್ಟೆಯಲ್ಲಿ ಅವಳು ಮುಂದೆ, ನಾನು ಹಿಂದೆ. ಪ್ರತಿ ಬಾಳೆಕಾಯಿಯನ್ನೂ ತಿರುಗಿಸಿ ನೋಡಿ ಆರಿಸಿದಳು. ಚೀಲ ತುಂಬಿದಾಗ ತಿರುಗದೆಯೇ ಹಿಂದಕ್ಕೆ ಚಾಚಿದಳು. ಹಿಡಿದುಕೊಂಡೆ.

"ಮುಂದಿನ ವರ್ಷ ಪೂಜೆ ದಿನ ನೀನು ಮನೇಲಿ ಇರಬೇಡ," ಎಂದಳು. "ಬೆಳಿಗ್ಗೆ ಎದ್ದು ಎಲ್ಲಾದ್ರೂ ಪೋ. ನಾನು ಎಲ್ಲ ಮುಗಿಸಿ ಇಟ್ಟಿರ್ತೀನಿ, ಮಾರನೇ ದಿನ ಬಾ."

"ಆಗಲಿ."

"ಮಾಮಿಗೆ ನೀನೇ ಹೇಳ್ಬೇಕು. ನಾನ್ ಹೇಳಲ್ಲ. ಇವತ್ತೇ."

ತರಕಾರಿಯನ್ನೆಲ್ಲ ಕಾರಿಗೆ ಹೇರಿಸಿದಳು. ಸುವರ್ಣಗೆಡ್ಡೆಯನ್ನು ತಾನು ಕೂತಿದ್ದ ಸೀಟಿನ ಮೇಲೆ ಇಡಿಸಿದಳು. ಆಮೇಲೆ, ಕಾಯುತ್ತಿದ್ದ ಅದೇ ಆಟೋದಲ್ಲಿ ಕೂತು ಹೊರಟಳು. ಆಟೋದವನು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ಅವಳನ್ನೊಮ್ಮೆ ನೋಡಿ ಏನೋ ಕೇಳಿದ. ಅವಳು ಕೊಟ್ಟ ಉತ್ತರ ಹಿಂದೆ ಕಾರಿನಲ್ಲಿದ್ದ ನನಗೆ ಕೇಳಲಿಲ್ಲ. ಅವನು ನಗುತ್ತಿದ್ದ, ಮೈಲಾಪೂರಿನವರೆಗೂ.