ವಿಸ್ಕಾನ್ಸಿನ್ನಿನ ಒಂದು ವೋಟಿಗೆ ನಾನು ಸಾಕ್ಷಿ

ಅಮೆರಿಕದ ನಕ್ಷೆಯಲ್ಲಿ ವಿಸ್ಕಾನ್ಸಿನ್ ಎಲ್ಲಿದೆ ಎಂದು ಕೇಳಿದರೆ ನಾನು ಇವತ್ತಿಗೂ ತಡಕಾಡುತ್ತೇನೆ. ಮೇಲ್ಗಡೆ ಎಲ್ಲೋ, ದೊಡ್ಡ ಸರೋವರಗಳ ಹತ್ತಿರ. ಚಳಿ ಜಾಸ್ತಿ, ದನ ಜಾಸ್ತಿ, ನಮ್ಮ ಊರಿನ ಹಾಲಿನ ಸೊಸೈಟಿಯನ್ನು ಒಂದು ರಾಜ್ಯದಷ್ಟು ದೊಡ್ಡದು ಮಾಡಿದರೆ ಹೇಗೋ ಹಾಗಂತೆ. ಆದರೆ ಕಳೆದ ಅಧ್ಯಕ್ಷರ ಚುನಾವಣೆಯಲ್ಲಿ ಆ ರಾಜ್ಯಕ್ಕೆ ಹೋದ ಒಂದು ವೋಟಿಗೆ ಸಾಕ್ಷಿ ಹಾಕಿದವಳು ನಾನು. ಕುವೈತಿನ ಒಂದು ಖಾಸಗಿ ಆಸ್ಪತ್ರೆಯ ನರ್ಸ್, ಅಬ್ಬಾಸಿಯಾದ ಎರಡು ಕೋಣೆಯ ಫ್ಲಾಟಿನವಳು, ಊರಿನಲ್ಲಿ ಸ್ವಂತ ವೋಟು ಹಾಕಿ ಯಾವ ಕಾಲವಾಯಿತೆಂದು ನೆನಪಿಲ್ಲದವಳು.

ನಮ್ಮ ಕರಾವಳಿಯ ಮನೆಯಲ್ಲಿ ವೋಟು ಹಾಕುವವರು ಎಷ್ಟೇ ಮಂದಿ ಇದ್ದರೂ ವೋಟು ಮಾತ್ರ ಒಂದೇ. ಬೆಳಿಗ್ಗೆ ಚಾ ಕುಡಿಯುತ್ತಾ ಅಪ್ಪ ಒಂದು ಗುರುತು ಹೇಳುತ್ತಿದ್ದರು. ಅಮ್ಮ, ಚಿಕ್ಕಮ್ಮ, ಅತ್ತೆ ಎಲ್ಲರೂ ಒಳ್ಳೆಯ ಸೀರೆ ಉಟ್ಟು ಶಾಲೆಗೆ ಹೋಗಿ ಅದನ್ನೇ ಒತ್ತಿ, ಬೆರಳಿಗೆ ಮಸಿ ಹಚ್ಚಿಸಿಕೊಂಡು, ದಾರಿಯಲ್ಲಿ ಅವರಿವರ ಹತ್ತಿರ ಮಾತಾಡಿಕೊಂಡು ಬರುತ್ತಿದ್ದರು. ನನಗೂ ಹದಿನೆಂಟು ತುಂಬಿದಾಗ ಹಾಗೇ ಮಾಡಿದೆ. ಮದುವೆಯಾದ ಮೇಲೆ ಗಂಡನ ಮನೆಯ ಗುರುತು ನನ್ನದಾಯಿತು. ಇದರಲ್ಲಿ ಕೇಳುವಂಥದ್ದು ಏನೋ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಆ ವರ್ಷದ ಬೇಸಿಗೆ ಕೊನೆಯಲ್ಲಿ ನಮ್ಮ ವಾರ್ಡಿಗೆ ಒಬ್ಬ ಅಮೆರಿಕದ ಮೇಷ್ಟ್ರು ಬಂದರು. ನಮ್ಮದು ಪಾರ್ಶ್ವವಾಯು ಬಡಿದವರಿಗೆ ಮತ್ತೆ ಕೂರಲು, ನಿಲ್ಲಲು, ನುಂಗಲು ಕಲಿಸುವ ವಾರ್ಡು. ಅವರ ಬಲಗೈ ಬಲಗಾಲು ಎರಡೂ ಬಿದ್ದುಹೋಗಿದ್ದವು, ಮಾತೂ ಹೋಗಿತ್ತು. ಇಲ್ಲಿಯ ಶಾಲೆಯಲ್ಲಿ ಬಹಳ ವರ್ಷ ಗಣಿತ ಕಲಿಸಿದವರು, ಕುವೈತಿನ ಮಕ್ಕಳನ್ನು ಹೊರಡಿಸಲು, ಕೂರಿಸಲು, ಬರೆಸಲು ದಿನವಿಡೀ ‘ಯಲ್ಲಾ’, ಅಂದರೆ ‘ನಡೀರಿ, ಬೇಗ’, ಎಂದು ಹೇಳಿ ಹೇಳಿ ರೂಢಿಯಾಗಿತ್ತೋ ಏನೋ, ತಲೆಯಲ್ಲಿದ್ದ ಅಷ್ಟೂ ಇಂಗ್ಲಿಷ್ ಅಳಿಸಿಹೋಗಿ ಅದೊಂದೇ ಅರಬ್ಬಿ ಮಾತು ಉಳಿದಿತ್ತು. ನೀರು ಬೇಕಾ ಎಂದರೆ ಯಲ್ಲಾ. ನೋವಿದೆಯಾ ಎಂದರೂ ಯಲ್ಲಾ. ಅವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಡಾಕ್ಟರಿಗೂ ಗಟ್ಟಿಯಾಗಿ ಹೇಳಲಾಗುತ್ತಿರಲಿಲ್ಲ.

ಅವರ ಹೆಂಡತಿಯೂ ಅದೇ ಶಾಲೆಯಲ್ಲಿ ಟೀಚರ್. ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬರುತ್ತಿದ್ದರು. ಉದ್ದಕ್ಕೆ, ಸಣ್ಣಕ್ಕೆ, ಸಾಕ್ಸಿನ ಮೇಲೆ ಚಪ್ಪಲಿ ಹಾಕಿಕೊಂಡ ಹೆಂಗಸು. ಬಂದವರೇ ಗಂಡನ ಪಕ್ಕ ಕೂತು ಆ ದಿನದ ಸುದ್ದಿಯನ್ನು ಓದುತ್ತಿದ್ದರು, ನಡುನಡುವೆ ತಡೆದು, “ನೀವು ಇದಕ್ಕೆ ಏನು ಹೇಳುತ್ತಿದ್ದಿರಿ ಅಂತ ನನಗೆ ಗೊತ್ತು, ಅದು ತಪ್ಪು” ಎಂದು ಗದರುತ್ತಿದ್ದರು. ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. ಹಾಸಿಗೆ ಹಿಡಿದ ಗಂಡನ ಹತ್ತಿರ ಇದೆಂಥ ಜಗಳ ಎಂದು.

ಒಂದು ದಿನ ಮೇಷ್ಟ್ರ ಕೈಬೆರಳು ಮಡಚಿ ಬಿಡಿಸುವ ವ್ಯಾಯಾಮ ಮಾಡಿಸುತ್ತಿದ್ದಾಗ ಕತೆ ಹೊರಬಂತು. ಇಬ್ಬರೂ ವಿಸ್ಕಾನ್ಸಿನ್ನಿನ ಒಂದೇ ಊರಿನವರು, ಪಕ್ಷ ಮಾತ್ರ ಬೇರೆ ಬೇರೆ. ಪ್ರತಿ ಚುನಾವಣೆಯಲ್ಲೂ ಊಟದ ಮೇಜಿನ ಎರಡು ತುದಿಗೆ ಕೂತು, ತಂತಮ್ಮ ಬ್ಯಾಲೆಟ್ ತುಂಬಿ, ಒಂದೇ ಚೀಲಕ್ಕೆ ಹಾಕಿ ಒಟ್ಟಿಗೇ ಹೋಗಿ ಕಳಿಸುವುದು. ಇವರ ವೋಟು ಅವರದನ್ನು ಹೊಡೆದುಹಾಕುತ್ತದೆ, ಅವರದು ಇವರದನ್ನು. ಇಬ್ಬರೂ ಮನೆಯಲ್ಲೇ ಕಾಲು ಚಾಚಿ ಮಲಗಿದರೂ ಲೆಕ್ಕ ಅಷ್ಟೇ ಅಲ್ಲವೇ ಎಂದು ಅಲ್ಲಿರುವ ಮಗಳು ತಮಾಷೆ ಮಾಡುತ್ತಿದ್ದಳಂತೆ. ಅದಕ್ಕೆ ಮೇಷ್ಟ್ರು, ನಿನ್ನ ಅಮ್ಮನನ್ನು ನಂಬಿ ನಾನು ಮಲಗಲಾರೆ ಎನ್ನುತ್ತಿದ್ದರಂತೆ. ಟೀಚರಮ್ಮ ಇದನ್ನು ಹೇಳಿ ನಕ್ಕರು. ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

ಸೆಕೆ ಇಳಿಯತೊಡಗಿದ ಹೊತ್ತಿಗೆ ಬ್ಯಾಲೆಟ್ಟುಗಳು ಬಂದವು. ಟೀಚರಮ್ಮ ತಮ್ಮದನ್ನು ತುಂಬಿ ಮುಗಿಸಿದರು. ಗಂಡನದು ಕೈಚೀಲದಲ್ಲೇ ಇತ್ತು. ಮಗಳು ಫೋನಿನಲ್ಲಿ, ಅಪ್ಪನಿಗೆ ಈಗ ಅದೆಲ್ಲ ಯಾಕೆ, ಬಿಟ್ಟುಬಿಡು ಎಂದಳಂತೆ. ಅವಳೂ ಅಮ್ಮನ ಪಕ್ಷದವಳೇ. ಆ ರಾಜ್ಯ ಹಿಂದಿನ ಎರಡು ಸಲವೂ ಕೂದಲೆಳೆಯಲ್ಲಿ ತಿರುಗಿದ್ದು, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಒಂದೇ ಒಂದು ವೋಟು ಹೆಚ್ಚು ಬಿದ್ದವರಿಗೆ ಇಡೀ ರಾಜ್ಯವೇ ಸಲ್ಲುತ್ತದಂತೆ. ಅಂಥ ಕಡೆ ಎದುರಾಳಿಯ ಒಂದು ವೋಟು ತಾನಾಗಿ ಬಿದ್ದುಹೋದರೆ ಯಾರು ಬೇಡ ಎನ್ನುತ್ತಾರೆ? ನಾನೂ ದೊಡ್ಡ ಬುದ್ಧಿವಂತೆಯಂತೆ ಅದನ್ನೇ ಹೇಳಿದೆ. ಅವರಿಗೆ ಸುಮ್ಮನೆ ಆಯಾಸ, ನೀವು ಹಾಕಿದ್ದೀರಲ್ಲ ಸಾಕು ಎಂದೆ.

ಟೀಚರಮ್ಮ ನನ್ನ ಕಡೆ ತಿರುಗಿದರು. ಕಾಯಿಲೆ ಇವರ ಮಾತನ್ನು ತೆಗೆದುಕೊಂಡಿದೆ, ವೋಟನ್ನು ನಾನು ತೆಗೆದುಕೊಳ್ಳಬೇಕಾ ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿದರು.

“ಸಿಸ್ಟರ್, ನನಗೆ ಹೆದರಿಕೆ ಅದಲ್ಲ. ಇವರು ನನ್ನ ಪಕ್ಷಕ್ಕೆ ಬೆರಳು ತೋರಿಸಿದರೆ? ತೋರಿಸಿದರೆ ಅದನ್ನೇ ತುಂಬಬೇಕು, ತುಂಬುತ್ತೇನೆ. ಆದರೆ ಆಮೇಲೆ ಮನೆಯಲ್ಲಿ ನಾನೊಬ್ಬಳೇ ಅಂತ ಗೊತ್ತಾಗಿಬಿಡುತ್ತದೆ.”

ಇಷ್ಟು ವರ್ಷದ ನೌಕರಿಯಲ್ಲಿ ಗಂಡ ತನ್ನ ಮಾತು ಕೇಳಲಿ ಎಂದು ಹರಕೆ ಹೊತ್ತ ಹೆಂಗಸರನ್ನು ಬೇಕಾದಷ್ಟು ನೋಡಿದ್ದೇನೆ. ಕೇಳದೇ ಇರಲಿ ಎಂದು ಬೇಡಿಕೊಂಡವರನ್ನು ನೋಡಿದ್ದು ಅದೇ ಮೊದಲು.

ಅಂಚೆಯಲ್ಲಿ ಹೋಗುವ ವೋಟಿಗೆ ಒಬ್ಬ ಸಾಕ್ಷಿ ಬೇಕಂತೆ. ವಿದೇಶದಲ್ಲಿರುವವರಿಗೆ ಆ ಸಾಕ್ಷಿ ಅಮೆರಿಕದವರೇ ಆಗಬೇಕೆಂದಿಲ್ಲ, ವಯಸ್ಸಿಗೆ ಬಂದವರಾದರೆ ಸಾಕು. ಟೀಚರಮ್ಮ, ಗಂಡನ ಪರವಾಗಿ ಗುರುತು ಹಾಕುವವಳು ನಾನು, ನಾನೋ ಎದುರು ಪಕ್ಷದವಳು, ಸಾಕ್ಷಿಯೂ ನಾನೇ ಆದರೆ ಚೆನ್ನಾಗಿರುವುದಿಲ್ಲ, ನೀವು ಬರುತ್ತೀರಾ ಎಂದು ಕೇಳಿದರು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಮನೆಯಲ್ಲಿ ಹೇಳಿದ್ದೇ ತಡ, ನನ್ನ ಗಂಡ ಊಟದ ತಟ್ಟೆಯಿಂದ ತಲೆ ಎತ್ತಿದರು. ಶುವೈಖಿನ ಗೋದಾಮೊಂದರಲ್ಲಿ ಸರಕು ನೋಡಿಕೊಳ್ಳುವ ಅವರಿಗೆ ಸಹಿ ಎಂದರೇ ಭಯ.

“ನಿನಗೆ ಯಾಕೆ ಮಾರಾಯ್ತಿ ಅಮೆರಿಕದ ಉಸಾಬರಿ? ನಾಳೆ ಯಾರಾದರೂ ಕೇಳಿ ಇಕಾಮಾ ಖಲಾಸ್ ಆದ್ರೆ ಅವರು ಬರ್ತಾರಾ ನೋಡ್ಲಿಕ್ಕೆ?”

ವಾಸದ ಪರವಾನಗಿಯ ಹೆದರಿಕೆ ಇಲ್ಲಿ ಯಾರಿಗಿಲ್ಲ? ಹೆಡ್ ನರ್ಸಿನ ಹತ್ತಿರ ಹೋಗಿ ಕೇಳಿದೆ. ಆಕೆ ಕೇರಳದವರು, ಕಡಕ್ ಹೆಂಗಸು. ಎಲ್ಲ ಕೇಳಿ, ಡ್ಯೂಟಿ ಮುಗಿದ ಮೇಲೆ, ಯೂನಿಫಾರ್ಮ್ ಕಳಚಿ, ರೋಗಿಯನ್ನು ನೋಡಲು ಬಂದವಳಂತೆ ಬಂದು ಹೋಗು, ನಾನು ಏನೂ ನೋಡಿಲ್ಲ ಎಂದರು. ಮರುದಿನ ಅವರೇ ಆ ಕೋಣೆಯ ಬಾಗಿಲಲ್ಲಿ ಕಾರಣವಿಲ್ಲದೆ ಓಡಾಡುತ್ತಿದ್ದರು ಎನ್ನುವುದು ಬೇರೆ ಮಾತು.

ಅಂದು ಶುಕ್ರವಾರ, ರಜೆ. ನಾನು ಚೂಡಿದಾರ ಹಾಕಿಕೊಂಡು ಕೋಣೆಗೆ ಹೋದಾಗ ಮೇಷ್ಟ್ರಿಗೆ ಕ್ಷೌರ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಕೂರಿಸಿದ್ದರು. ಟೀಚರಮ್ಮ ಒಂದೊಂದು ಹೆಸರನ್ನು ಒಂದೊಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತಂದಿದ್ದರು. ಗೆಲ್ಲುವ ಆಸೆಯೇ ಇಲ್ಲದ ಸಣ್ಣ ಪಕ್ಷದವರನ್ನೂ ಬಿಟ್ಟಿರಲಿಲ್ಲ. ಊಟದ ಟ್ರೇ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟು, ಹಾಜರಿ ಕರೆಯುವ ಹಾಗೆ ಎಲ್ಲ ಹೆಸರನ್ನೂ ಒಂದೇ ದನಿಯಲ್ಲಿ ಓದಿದರು. ತನ್ನವರ ಹೆಸರು ಬಂದಾಗ ದನಿ ಒಂದು ಎಳೆಯಷ್ಟೂ ಏರಲಿಲ್ಲ. ನಾನು ಕಿವಿಗೊಟ್ಟು ಕೇಳುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಯಾರಿಗೆ ಎಂದು ಕೇಳಿದರು. ಮೇಷ್ಟ್ರು, ಯಲ್ಲಾ ಎಂದರು. ಮತ್ತೆ ಕೇಳಿದರು. ಎಡಗೈ ನಿಧಾನವಾಗಿ ಎದ್ದಿತು, ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು, ಆಮೇಲೆ ಬೆರಳು ಹೋಗಿ ಕೂತದ್ದು ಟೀಚರಮ್ಮನ ಪಕ್ಷದ ಹೆಸರಿನ ಮೇಲೆ.

ಅವರು ಕಾಗದಗಳ ಜಾಗ ಅದಲು ಬದಲು ಮಾಡಿ ಮತ್ತೆ ಅದೇ ದನಿಯಲ್ಲಿ ಓದಿ ಕೇಳಿದರು. ಬೆರಳು ಹುಡುಕಿಕೊಂಡು ಹೋಗಿ ಮತ್ತೆ ಅದೇ ಹೆಸರಿನ ಮೇಲೆ ಕೂತಿತು. ಟೀಚರಮ್ಮನ ಮುಖದ ರಕ್ತ ಇಳಿದದ್ದು ನನಗೆ ಕಾಣಿಸಿತು. ಗಂಡ ಒಂದು ಸಲ ತನ್ನ ಪಕ್ಷಕ್ಕೆ ಬಂದದ್ದಕ್ಕೆ ಹೀಗೆ ಬಿಳಿಚಿಕೊಂಡವರು ಪ್ರಪಂಚದಲ್ಲಿ ಅವರೊಬ್ಬರೇ ಇರಬೇಕು. ನಾನಾಗಿದ್ದರೆ, ಸರಿಯಾಗಿ ನೋಡಿ ಎಂದು ಹತ್ತು ಸಲ ಅಲುಗಾಡಿಸುತ್ತಿದ್ದೆ. ಅವರು ಅದನ್ನೂ ಮಾಡಲಿಲ್ಲ. ಬ್ಯಾಲೆಟ್ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ತಮ್ಮ ಪಕ್ಷದ ಹೆಸರಿನ ಎದುರಿನ ಗೋಲಕ್ಕೆ ಪೆನ್ನು ತಂದರು.

ಪೆನ್ನು ಕಾಗದ ಮುಟ್ಟುವಷ್ಟರಲ್ಲಿ ಮೇಷ್ಟ್ರ ಎಡಗೈ ಚಟ್ಟನೆ ಬಂದು ಅವರ ಮಣಿಕಟ್ಟಿಗೆ ಬಡಿಯಿತು. ನಾವಿಬ್ಬರೂ ಬೆಚ್ಚಿ ನೋಡಿದೆವು. ಮೇಷ್ಟ್ರ ಮುಖದ ಬಲಗಡೆ ಎಂದಿನಂತೆ ಜೋತುಬಿದ್ದಿತ್ತು. ಎಡಗಡೆ ಮಾತ್ರ ಕಿವಿಯವರೆಗೆ ನಗುತ್ತಿತ್ತು. ಬೆರಳನ್ನು ತಂದು ತಮ್ಮ ಪಕ್ಷದ ಹೆಸರಿನ ಮೇಲೆ ಊರಿದರು. ಕಾಗದ ಸುಕ್ಕಾಗುವಷ್ಟು ಗಟ್ಟಿಯಾಗಿ.

ಟೀಚರಮ್ಮ ಆಗ ಬೈದ ಬೈಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೈಯುತ್ತಾ ನಗುತ್ತಿದ್ದರು, ನಗುತ್ತಾ ಅಳುತ್ತಿದ್ದರು, ನಾನೂ ಕಣ್ಣು ಮೂಗು ಎಲ್ಲ ಒರೆಸಿಕೊಳ್ಳುತ್ತಿದ್ದೆ. ಬಾಗಿಲ ಹತ್ತಿರ ಹೆಡ್ ನರ್ಸ್ ಕೆಮ್ಮಿದ್ದು ಕೇಳಿಸಿತು. ಆದರೂ ಟೀಚರಮ್ಮ ಟೀಚರಮ್ಮನೇ. ಮೂಗು ಸೀನಿ, ಕನ್ನಡಕ ಒರೆಸಿ, ಕಾಗದಗಳ ಜಾಗ ಮತ್ತೆ ಮತ್ತೆ ಬದಲಿಸಿ ಕೇಳಿದರು. ಪ್ರತಿ ಸಲವೂ ಬೆರಳು ಎದುರು ಪಕ್ಷಕ್ಕೇ ಹೋದ ಮೇಲೆ, ತಾನು ಜೀವಮಾನವಿಡೀ ವಿರೋಧಿಸಿದ ಪಕ್ಷದ ಗೋಲವನ್ನು ತನ್ನ ಕೈಯಾರೆ, ಅಂಚು ದಾಟದ ಹಾಗೆ ಅಚ್ಚುಕಟ್ಟಾಗಿ ತುಂಬಿದರು. ಮೇಷ್ಟ್ರು ಎಡಗೈಯಲ್ಲಿ ಸಹಿ ಎಂದು ಏನೋ ಗೀಚಿದರು. ನಾನು ಕೆಳಗೆ ಸಹಿ ಹಾಕಿ, ಅಬ್ಬಾಸಿಯಾದ ಬ್ಲಾಕು, ಬೀದಿ, ಕಟ್ಟಡ ಎಲ್ಲ ಬರೆದೆ. ವಿಸ್ಕಾನ್ಸಿನ್ನಿನ ಆ ಊರಿನ ಗುಮಾಸ್ತರು ಅದನ್ನು ಓದಿ ಏನೆಂದುಕೊಂಡರೋ. ಎರಡೂ ಲಕೋಟೆ ಒಂದೇ ಚೀಲಕ್ಕೆ ಹೋದವು.

ಯಾವ ಪಕ್ಷ, ಯಾವ ಹೆಸರು ಎಂದು ಮಾತ್ರ ನನ್ನನ್ನು ಕೇಳಬೇಡಿ. ಸಾಕ್ಷಿ ಹಾಕಿದವಳು ಬಾಯಿ ಬಿಡುವ ಹಾಗಿಲ್ಲ. ಎಣಿಕೆ ಮುಗಿಯುವವರೆಗೆ ಮಗಳಿಗೂ ಹೇಳುವುದಿಲ್ಲ ಎಂದು ಟೀಚರಮ್ಮ ಆ ದಿನವೇ ಅಂದರು. ನನ್ನ ಗಂಡ ಮನೆಯಲ್ಲಿ ಸುತ್ತಿ ಬಳಸಿ ಕೇಳಿ ಕೇಳಿ ಸೋತರು. ಇಕಾಮಾದ ಚಿಂತೆ ಎಲ್ಲಿ ಹೋಯಿತೋ.

ಆ ವಾರ ಊರಿಗೆ ಫೋನು ಮಾಡಿದಾಗ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಅಪ್ಪ ಹೇಳಿದ್ದು ಬಿಟ್ಟು ಬೇರೆ ಗುರುತಿಗೆ ಒತ್ತಿದ್ದುಂಟಾ ಎಂದು ಅಮ್ಮನನ್ನು ಕೇಳಿದೆ. ಪಿಸುದನಿಯಲ್ಲಿ ಉತ್ತರ ಬಂತು.

“ಅದನ್ನೆಲ್ಲ ಫೋನಿನಲ್ಲಿ ಕೇಳುವುದಾ ಮಗಾ? ಅಪ್ಪ ಇಲ್ಲೇ ಚಾವಡಿಯಲ್ಲಿದ್ದಾರೆ.”

ನಾನು ನಕ್ಕೆ, ಅಮ್ಮನೂ ನಕ್ಕರು. ನಮ್ಮ ಮನೆಯ ವೋಟು ಒಂದೇ ಎಂದು ನಾನು ನಂಬಿಕೊಂಡದ್ದಕ್ಕೆ ಅಂದಿನಿಂದ ಗ್ಯಾರಂಟಿ ಇಲ್ಲ.

ಫಲಿತಾಂಶದ ದಿನ ನನಗೆ ಬೆಳಗಿನ ಡ್ಯೂಟಿ. ಟೀಚರಮ್ಮ ಶಾಲೆಗೆ ರಜೆ ಹಾಕಿ ಬಂದು ಗಂಡನ ಪಕ್ಕ ಕೂತಿದ್ದರು. ಮೇಷ್ಟ್ರ ವೋಟು ಊರು ತಲುಪಿದೆ ಎಂದು ಅವರಿಗೆ ಮೊದಲೇ ತಿಳಿದಿತ್ತು. ಅಂದು ಮಧ್ಯಾಹ್ನದ ಊಟ ಬರುವ ಹೊತ್ತಿಗೆ ವಿಸ್ಕಾನ್ಸಿನ್ ಯಾರದೆಂದು ಟಿವಿಯಲ್ಲಿ ಬಂತು. ಈ ಸಲವೂ ಕೂದಲೆಳೆಯೇ. ರಾಜ್ಯ ಯಾರ ಕಡೆ ಹೋಯಿತೆಂದು ಲೋಕಕ್ಕೆಲ್ಲ ಗೊತ್ತು. ಆ ಕೋಣೆಯಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ನನಗೆ ಗೊತ್ತು. ಟೀಚರಮ್ಮ ಟಿವಿ ಆರಿಸಿ, ಸೂಪಿನ ಬಟ್ಟಲು ಎತ್ತಿಕೊಂಡು ಗಂಡನಿಗೆ ಚಮಚದಲ್ಲಿ ಕುಡಿಸತೊಡಗಿದರು.

ಅಷ್ಟರಲ್ಲಿ ಮಗಳ ಫೋನು ಬಂತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ನಿದ್ದೆಗೆಟ್ಟು ಎಣಿಕೆ ನೋಡಿದವಳ ದನಿ. ಕೈಯಲ್ಲಿ ಚಮಚ ಇದ್ದದ್ದರಿಂದ ಟೀಚರಮ್ಮ ಫೋನನ್ನು ಸ್ಪೀಕರಿಗೆ ಹಾಕಿದರು. ಅವಳು ಫಲಿತಾಂಶದ ಮಾತೇ ಎತ್ತಲಿಲ್ಲ. ಅಪ್ಪ ಯಾರಿಗೆ ಹಾಕಿದರು ಎಂದಷ್ಟೇ ಕೇಳಿದಳು. ಕೇಳುವಾಗ ಅವಳ ದನಿಯಲ್ಲೂ ಅಮ್ಮನಿಗಿದ್ದ ಅದೇ ಹೆದರಿಕೆ ಇತ್ತು. ಬಿಟ್ಟುಬಿಡು ಎಂದು ಅವಳು ಅಮ್ಮನಿಗೆ ಯಾಕೆ ಹೇಳಿದ್ದಳೆಂದು ನನಗೆ ಆಗ ತಿಳಿಯಿತು.

ಟೀಚರಮ್ಮ ಗಂಡನ ತುಟಿಯ ಅಂಚಿನಿಂದ ಇಳಿದ ಸೂಪನ್ನು ಬಟ್ಟೆಯಲ್ಲಿ ಒರೆಸಿದರು.

“ನನ್ನ ವೋಟು ಈ ಸಲವೂ ದಂಡವಾಯಿತು ಮಗಳೇ,” ಎಂದರು. “ನಿನ್ನ ಅಪ್ಪ ಇದ್ದಾರೆ.”